ಪುಕ್ಕಟೆ ಚೀಟಿಯೂ ಕರೆಯೋಲೆಯೂ

ಕಾಲ್ಚೆಂಡಾಟದ ಪಂದ್ಯಕ್ಕೆ ಮಕ್ಕಳನ್ನು ಪುಕ್ಕಟೆಯಾಗಿ ಬಿಡಬೇಕೆ, ಬೇಡವೆ? ಬೆಂಗಳೂರಿನಲ್ಲಿ ಆಟದ ವಿಚಾರ ಬಲ್ಲ ನಾಲ್ಕು ಜನರ ನಡುವೆ ಈ ಪ್ರಶ್ನೆ ಎತ್ತಿ ನೋಡಿ, ಕೂಡಲೇ ಎರಡು ಪಂಗಡವಾಗುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ಹತ್ತು ರೂಪಾಯಿಯನ್ನಾದರೂ ವಸೂಲು ಮಾಡಿ ಎನ್ನುವವರು ಒಂದು ಕಡೆ. ಹೇಗೂ ಖಾಲಿ ಬಿದ್ದಿರುವ ಕುರ್ಚಿ, ಮಕ್ಕಳು ಬಂದು ಕೂಗಿದರೆ ಟೆಲಿವಿಷನ್ನಿನಲ್ಲಿ ನೋಡಲು ಚೆನ್ನ, ಕಂತೆಗಟ್ಟಲೆ ಹಂಚಿಬಿಡಿ ಎನ್ನುವವರು ಇನ್ನೊಂದು ಕಡೆ. ನನಗೆ ಎರಡು ಪಂಗಡದ ಮೇಲೂ ತಕರಾರಿದೆ. ಮೊದಲನೆಯವರಿಗೆ ಮಕ್ಕಳ ಮನಸ್ಸು ಗೊತ್ತಿಲ್ಲ. ಎರಡನೆಯವರಿಗೆ ಮಕ್ಕಳ ಮನೆ ಎಲ್ಲಿದೆ ಎಂಬುದು ಗೊತ್ತಿಲ್ಲ.

ನಾನು ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯವನು. ಕಾಡುಗೋಡಿ ದಾಟಿದ ಮೇಲೆ ಬೆಂಗಳೂರು ಮುಗಿಯಿತೆಂದು ನಂಬಿರುವ ಓದುಗರಿಗೆ ನಮ್ಮ ಊರು ಅದರ ಆಚೆಗಿದೆಯೆಂದು ಹೇಳಿದರೆ ಸಾಕು. ಜಿಲ್ಲೆಯ ಹೆಸರಿನಲ್ಲಿ ಬೆಂಗಳೂರು ಉಂಟು; ಹಿಂದೆಯೇ ‘ಗ್ರಾಮಾಂತರ’ ಎಂಬ ಬಾಲವೂ ಬಹುಕಾಲ ಅಂಟಿಕೊಂಡಿತ್ತು. ಪೇಟೆಗೆ ಹಾಲು, ತರಕಾರಿ, ಕೂಲಿಯಾಳು ಬೇಕಾದಾಗ ನಾವು ಬೆಂಗಳೂರಿನವರು. ಪೇಟೆಯ ಸಂಭ್ರಮದಲ್ಲಿ ಪಾಲು ಕೇಳಿದಾಗ ಗ್ರಾಮಾಂತರದವರು. ಕಾಲ್ಚೆಂಡಿನ ವಿಷಯದಲ್ಲಿಯೂ ಹೀಗೇ ಆಗಿದೆಯೆಂಬುದೇ ಈ ಲೇಖನಕ್ಕೆ ಕಾರಣ.

ಮೊದಲು ಬೆಲೆಯ ವಾದವನ್ನು ನೋಡೋಣ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬ ಗಾದೆ ನನಗೂ ಗೊತ್ತು. ಆದರೆ ಆ ಗಾದೆ ಕೈಚಾಚುವವನ ದುರಾಸೆಯನ್ನು ಹೇಳುತ್ತದೆಯೇ ಹೊರತು ಅಭಿರುಚಿ ಹುಟ್ಟುವ ಬಗೆಯನ್ನಲ್ಲ. ಚಾಮರಾಜಪೇಟೆಯಲ್ಲಿ 1939ರಿಂದ ಶ್ರೀರಾಮಸೇವಾ ಮಂಡಲಿಯವರು ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವವನ್ನೇ ತೆಗೆದುಕೊಳ್ಳಿ. ಚಪ್ಪರದ ಒಳಗೆ ಚೀಟಿ ಕೊಂಡವರು ಕುಳಿತರೆ, ಹೊರಗಿನ ಕಾಲುದಾರಿಯ ಮೇಲೆ ಬಿಡಿಗಾಸು ಕೊಡದೆ ಕಿವಿಗೊಟ್ಟು ನಿಂತವರು ಎಷ್ಟು ತಲೆಮಾರು! ಅವರ ಕಿವಿ ಕೆಟ್ಟಿತೆ? ಅವರಿಂದ ಸಂಗೀತದ ಬೆಲೆ ಇಳಿಯಿತೆ? ಈ ಊರಿನ ಎಷ್ಟೋ ಜನಕ್ಕೆ ರಾಗದ ರುಚಿ ಹತ್ತಿದ್ದೇ ಆ ಕಾಲುದಾರಿಯ ಮೇಲೆ. ನಮ್ಮ ಹಳ್ಳಿಗಳ ಕಡೆ ಪೌರಾಣಿಕ ನಾಟಕ ಬೆಳಗಿನ ಜಾವದವರೆಗೆ ನಡೆಯುತ್ತಿದ್ದಾಗ ಚಾಪೆ ತಂದು ಮುಂದೆ ಕುಳಿತ ಹುಡುಗರಿಗೆ ಯಾರೂ ಚೀಟಿ ಕೇಳಲಿಲ್ಲ. ಅವರಲ್ಲೇ ಒಬ್ಬ ಮುಂದೆ ದುರ್ಯೋಧನನಾಗಿ ಗದೆ ಹಿಡಿದ.

ಇದೆಲ್ಲ ಹಳೆಯ ಮಾತಾಯಿತೆನ್ನುವಿರಾದರೆ ಹೊಸ ಮಾತನ್ನೇ ಕೇಳಿ. 2023ರಲ್ಲಿ ಐಪಿಎಲ್ ಕ್ರಿಕೆಟ್ಟನ್ನು ಜಿಯೊ ಸಿನಿಮಾದವರು ದೇಶಕ್ಕೆಲ್ಲ ಮೊಬೈಲಿನಲ್ಲಿ ಪುಕ್ಕಟೆಯಾಗಿ ತೋರಿಸಿದರು. ಕೋಟಿಗಟ್ಟಲೆ ಕೊಟ್ಟು ಹಕ್ಕು ಕೊಂಡವರು ಅವರು, ಧರ್ಮಕ್ಕೆ ಮಾಡಲಿಲ್ಲ. ಮೊದಲು ನೋಟ, ಆಮೇಲೆ ಚಟ, ಕೊನೆಗೆ ಹಣ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಆಗ ಬೆಲೆಯ ಮಾತನ್ನು ಎತ್ತದ ಮಹನೀಯರು ಹಳ್ಳಿಯ ಹುಡುಗನಿಗೆ ಕಾಲ್ಚೆಂಡಾಟದ ಚೀಟಿ ಕೊಡಿ ಎಂದಾಗ ಮಾತ್ರ ಗಾದೆ ಹೇಳುವುದೇಕೆ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬುದೂ ಗಾದೆಯೇ. ಹತ್ತನೆಯ ವಯಸ್ಸಿನಲ್ಲಿ ಒಂದು ತಂಡವನ್ನು ನಮ್ಮದೆಂದುಕೊಳ್ಳದವನು ಮೂವತ್ತನೆಯ ವಯಸ್ಸಿನಲ್ಲಿ ಹಣ ತೆತ್ತು ಮೈದಾನಕ್ಕೆ ಬರುವುದು ಅಪರೂಪ.

ಈ ಆಟ ನಮ್ಮ ಊರುಗಳಿಗೆ ಪರಕೀಯವೂ ಅಲ್ಲ. ಬೆಂಗಳೂರಿನ ಕಾಲ್ಚೆಂಡು ಬೆಳೆದದ್ದು ಕ್ಲಬ್ಬಿನ ಹುಲ್ಲುಹಾಸಿನ ಮೇಲಲ್ಲ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರಗಳ ಓಣಿಗಳಲ್ಲಿ, ಬರಿಗಾಲಿನಲ್ಲಿ ಅದು ಬೆಳೆಯಿತು. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದುಕೊಂಡು, ಮರುವರ್ಷವೂ ಬಿಡದೆ ತಂದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲನ್ನು ಹೊಡೆದವರು ಬೆಂಗಳೂರಿನ ರಾಮನ್. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರಲ್ಲಿ ಒಬ್ಬರಾಗಿ ಮೆರೆದ ಅಹಮದ್ ಖಾನ್ ಬೆಂಗಳೂರಿನವರು. ಹೊಸಕೋಟೆಯ ಕಡೆಯಿಂದ ಪೇಟೆಗೆ ಹೋಗುವ ಹಳೇ ಮದ್ರಾಸು ರಸ್ತೆಯ ಮಗ್ಗುಲಲ್ಲೇ ಐಟಿಐ ಕಾರ್ಖಾನೆ. ಅತ್ತ ವಿಮಾನಪುರದಲ್ಲಿ ಎಚ್‌ಎಎಲ್. ಎರಡಕ್ಕೂ ಹೆಸರಾಂತ ತಂಡಗಳಿದ್ದುವು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 1946ರಲ್ಲಿ ಮೊದಲ ಬಾರಿ ಗೆದ್ದಿತು. 1968-69ರಲ್ಲಿ ನಾಲ್ಕನೆಯ ಬಾರಿ. ಆಮೇಲೆ 54 ವರ್ಷ ಕಾದು 2023ರ ಮಾರ್ಚಿಯಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಐದನೆಯ ಬಾರಿ ಗೆದ್ದಿತು. ಎಲ್ಲಿ? ಸೌದಿ ಅರೇಬಿಯಾದ ರಿಯಾದಿನಲ್ಲಿ! ಅರ್ಧ ಶತಮಾನದ ಮೇಲೆ ಬಂದ ಗೆಲುವನ್ನು ಕಣ್ಣಾರೆ ನೋಡುವ ಭಾಗ್ಯ ನಮ್ಮ ಒಂದು ಮಗುವಿಗೂ ಇರಲಿಲ್ಲ. ನೋಡದ ಗೆಲುವಿನ ಮೇಲೆ ಅಭಿಮಾನ ಎಷ್ಟು ದಿನ ನಿಂತೀತು?

ಇನ್ನು ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿದ ಈ ಕ್ಲಬ್ಬು ಮೊದಲ ವರ್ಷವೇ ಐ-ಲೀಗನ್ನು ಗೆದ್ದಿತು. 2016ರಲ್ಲಿ ಏಷ್ಯಾದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಯಿತು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗ ಅದರ ಬೆನ್ನಿಗಿದೆ. ಅವರ ನಿಷ್ಠೆಯನ್ನು ನಾನು ಮೆಚ್ಚುತ್ತೇನೆ. ಆದರೆ ಆ ನೀಲಿ ಅಂಗಿಗಳ ನಡುವೆ ಹೊಸಕೋಟೆಯ, ದೇವನಹಳ್ಳಿಯ, ನೆಲಮಂಗಲದ ಸರ್ಕಾರಿ ಶಾಲೆಯ ಮಕ್ಕಳನ್ನು ಹುಡುಕಿ ನೋಡಿ. ನನ್ನ ಕಣ್ಣಿಗಂತೂ ಅವರು ಬಿದ್ದಿಲ್ಲ. ನಮ್ಮ ಊರಿನ ಬಯಲಿನಲ್ಲಿ ಚೆಂಡು ಒದೆಯುವ ಹುಡುಗರ ಮೈಮೇಲೆ ಇರುವುದು ಆರ್‌ಸಿಬಿ ಅಂಗಿ, ಇಲ್ಲವೆ ಮೆಸ್ಸಿಯ ಹೆಸರಿನ ಅಂಗಿ. ಬ್ಯೂನಸ್ ಐರಿಸ್ ಅವರಿಗೆ ಹತ್ತಿರ, ಕಂಠೀರವ ದೂರ!

ಇಲ್ಲಿಗೆ ಎರಡನೆಯ ಪಂಗಡದವರು ಎದ್ದು ನಿಂತು, ಅದಕ್ಕೇ ಹಂಚಿಬಿಡಿ ಎಂದೆವಲ್ಲ ಎನ್ನುತ್ತಾರೆ. ಸ್ವಲ್ಪ ತಾಳಿ. ಬರಿದೆ ಹಂಚಿದರೆ ಏನಾಗುತ್ತದೆಂಬುದನ್ನು ದೇಶ ಕಂಡಿದೆ. 2017ರ ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆಯಿತು. ದೆಹಲಿಯ ಮೊದಲ ದಿನದ ಪಂದ್ಯಗಳಿಗೆ ಶಾಲಾಮಕ್ಕಳನ್ನು ಸಾವಿರಗಟ್ಟಲೆ ಪುಕ್ಕಟೆ ಚೀಟಿ ಕೊಟ್ಟು ಕರೆಸಿದರು. ಕ್ರೀಡಾಂಗಣ ತುಂಬಿತು, ಛಾಯಾಚಿತ್ರಗಳು ಚೆನ್ನಾಗಿ ಬಂದುವು. ಮಕ್ಕಳು ಮಾತ್ರ ಕುಡಿಯುವ ನೀರಿಗೆ ಪರದಾಡಿದರು. ಇದಕ್ಕಿಂತ ಘೋರವಾದದ್ದು ನಮ್ಮ ಕಣ್ಣೆದುರಿಗೇ ನಡೆದಿದೆ. 2025ರ ಜೂನ್ 4ರಂದು, ಕ್ರಿಕೆಟ್ ವಿಜಯೋತ್ಸವದ ದಿನ, ಉಚಿತ ಪ್ರವೇಶವಂತೆ, ಪಾಸಂತೆ ಎಂಬ ಗೊಂದಲದ ನಡುವೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕಾಲ್ತುಳಿತವಾಗಿ 11 ಜೀವ ಹೋಯಿತು. ಹೋದವರಲ್ಲಿ ಹೆಚ್ಚಿನವರು ಎಳೆಯರು. ಕಂಠೀರವ ಅಲ್ಲಿಂದ ಕೂಗಳತೆಯಲ್ಲಿದೆ.

ನೋಡಿದಿರಾ, ಪುಕ್ಕಟೆ ಎಂದರೆ ನೂಕುನುಗ್ಗಲು ಎಂದು ಮೊದಲನೆಯ ಪಂಗಡದವರು ಹೇಳಬಹುದು. ಈ ದುರಂತವನ್ನು ಹಾಗೆ ಬಳಸಿಕೊಳ್ಳುವುದು ಅನ್ಯಾಯ. ಅಲ್ಲಿ ಜೀವ ತೆಗೆದದ್ದು ಪುಕ್ಕಟೆತನವಲ್ಲ, ಲೆಕ್ಕವಿಲ್ಲದ ಕರೆ. ಎಷ್ಟು ಜನ ಬರುತ್ತಾರೆ, ಯಾವ ಬಾಗಿಲಿನಿಂದ, ಯಾರ ಜೊತೆ, ಹೇಗೆ ಮರಳುತ್ತಾರೆ ಎಂದು ಎಣಿಸದೆ ಊರಿಗೆಲ್ಲ ಡಂಗುರ ಸಾರಿದರೆ ಹಣ ಕೊಟ್ಟವನೂ ಒಂದೇ, ಕೊಡದವನೂ ಒಂದೇ.

ಎರಡನೆಯ ಪಂಗಡಕ್ಕೆ ನನ್ನ ಮುಖ್ಯ ಉತ್ತರವನ್ನು ನನಗಿಂತ ಚೆನ್ನಾಗಿ ನಮ್ಮ ಬೀದಿಯ ಹುಡುಗನೊಬ್ಬ ಕೊಟ್ಟಿದ್ದಾನೆ. ಒಂಬತ್ತನೆಯ ತರಗತಿ, ಎಡಗಾಲಿನಲ್ಲಿ ಚೆಂಡನ್ನು ಅಂಟಿಸಿಕೊಂಡು ಓಡುವವನು. ಯಾರಾದರೂ ಪುಕ್ಕಟೆ ಚೀಟಿ ಕೊಟ್ಟರೆ ಕಂಠೀರವಕ್ಕೆ ಹೋಗುತ್ತೀಯೇನೋ ಎಂದು ಕೇಳಿದೆ. ಅವನು ಒಂದು ಕ್ಷಣ ಯೋಚಿಸಿ, “ಹೋಗೋದೇನೋ ಹೋಗ್ಬೋದು ಮಾಮ, ವಾಪಸ್ ಬರೋದ್ ಹೆಂಗೆ?” ಎಂದ.

ಈ ಪ್ರಶ್ನೆಯನ್ನು ಹಂಚುವ ಮಹಾಶಯರು ಒಮ್ಮೆಯಾದರೂ ಕೇಳಿಕೊಂಡದ್ದುಂಟೆ? ನಮ್ಮ ಊರಿನಿಂದ ಕ್ರೀಡಾಂಗಣ ಇಪ್ಪತ್ತೈದು ಕಿಲೋಮೀಟರಿಗೆ ಕಡಿಮೆಯಿಲ್ಲ. ಲೀಗಿನ ಪಂದ್ಯಗಳು ಹೆಚ್ಚಾಗಿ ಶುರುವಾಗುತ್ತ ಬಂದಿರುವುದು ರಾತ್ರಿ ಏಳೂವರೆಗೋ ಎಂಟಕ್ಕೋ. ಮುಗಿಯುವಾಗ ಒಂಬತ್ತೂವರೆ, ಹತ್ತು. 2023ರಲ್ಲಿ ಮೆಟ್ರೊ ಕಾಡುಗೋಡಿಯವರೆಗೆ ಬಂದದ್ದು ದೊಡ್ಡ ಉಪಕಾರವೇ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಕಂಠೀರವ ನಡೆಯುವಷ್ಟು ದೂರ. ಆದರೆ ಕಾಡುಗೋಡಿಯಿಂದ ಹಳ್ಳಿಗೆ, ಆ ಹೊತ್ತಿನಲ್ಲಿ? ಹುಡುಗನನ್ನು ಒಬ್ಬನೇ ಕಳಿಸುವ ತಾಯಿ ಯಾರು? ಜೊತೆಗೆ ಅಪ್ಪ ಹೊರಟರೆ ಅಪ್ಪನಿಗೆ ಚೀಟಿಯಿಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದ ಮೇಲೆ ಇಬ್ಬರು ಹೋಗಿಬರಲು ಮುನ್ನೂರರ ಸುತ್ತಮುತ್ತ. ನಡುವೆ ಹಸಿವಾದರೆ ಅದು ಬೇರೆ. ಹೀಗೆ ಪುಕ್ಕಟೆ ಚೀಟಿ ಒಂದು ದಿನದ ಕೂಲಿಯ ಅರ್ಧವನ್ನು ತಿಂದುಹಾಕುತ್ತದೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದಂತೆ, ನಿಜ. ಆದರೆ ಮೇವು ಎಷ್ಟು ತಿನ್ನುತ್ತದೆಂದಾದರೂ ನೋಡಬೇಡವೆ?

ನಮ್ಮ ಕಡೆ ಕರೆಯುವುದಕ್ಕೆ ಒಂದು ಕ್ರಮವಿದೆ. ಮದುವೆಗೆ ಕರೆಯಬೇಕಾದರೆ ಮನೆಬಾಗಿಲಿಗೆ ಬಂದು, ಅಕ್ಷತೆ ಕೊಟ್ಟು, ಮನೆಮಂದಿಯೆಲ್ಲ ಬರಬೇಕು ಎನ್ನುತ್ತಾರೆ. ದೂರದ ಊರಾದರೆ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳುತ್ತಾರೆ. ಕರೆಯೋಲೆಯನ್ನು ಬೀದಿಯಲ್ಲಿ ತೂರಿದವರ ಮದುವೆಗೆ ಊಟದ ಆಸೆಯವರು ಹೋದಾರೇ ಹೊರತು ಬಂಧುಗಳು ಹೋಗುವುದಿಲ್ಲ. ಕ್ಲಬ್ಬಿಗೆ ಬೇಕಾದದ್ದು ಬಂಧುಗಳು. ಈ ಮರ್ಮ ಸುನಿಲ್ ಛೆಟ್ರಿಯವರಿಗೆ ತಿಳಿದಿತ್ತು. 2018ರ ಜೂನ್ ಮೊದಲ ದಿನ ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದಾಗ ನೋಡಿದವರು ಮೂರು ಸಾವಿರಕ್ಕೂ ಕಡಿಮೆ. ಮರುದಿನ ಅವರು, ಬೈಯುವುದಾದರೂ ಮೈದಾನಕ್ಕೆ ಬಂದು ಬೈಯಿರೆಂದು ಕೈಮುಗಿದು ಜನರನ್ನು ಕೇಳಿಕೊಂಡರು. ಮುಂದಿನ ಪಂದ್ಯಕ್ಕೆ ಚೀಟಿಗಳೆಲ್ಲ ಖರ್ಚಾದುವು. ಚೀಟಿಯ ದರ ಇಳಿದಿರಲಿಲ್ಲ. ಕರೆದ ರೀತಿ ಬದಲಾಗಿತ್ತು.

ಆದ್ದರಿಂದ ಪುಕ್ಕಟೆ ಚೀಟಿ ಬೇಕೇ ಬೇಕು, ಆದರೆ ಅದು ಕರೆಯೋಲೆಯಾಗಿ ಬರಬೇಕು ಎಂಬುದು ನನ್ನ ವಾದ. ಸಾವಿರ ಮಕ್ಕಳಿಗೆ ಒಂದು ಸಲ ಕೊಡುವ ಬದಲು ಇನ್ನೂರು ಮಕ್ಕಳಿಗೆ ಐದು ಸಲ ಕೊಡಿ. ಮೊದಲ ಸಲ ಮಗು ದೀಪಗಳನ್ನೂ ಗದ್ದಲವನ್ನೂ ನೋಡುತ್ತದೆ, ಎರಡನೆಯ ಸಲ ಚೆಂಡನ್ನು. ತಂಡವನ್ನು ನೋಡುವುದು ಮೂರನೆಯ ಸಲ. ಚೀಟಿಯ ಮೇಲೆ ಮಗುವಿನ ಹೆಸರಿರಲಿ. ಶಾಲೆಯ ಮೂಲಕ ಮುಂಚೆಯೇ ಬರಲಿ. ಹೆಸರಿದ್ದಲ್ಲಿ ಲೆಕ್ಕವಿರುತ್ತದೆ, ಲೆಕ್ಕವಿದ್ದಲ್ಲಿ ನೂಕುನುಗ್ಗಲಿರುವುದಿಲ್ಲ. ಹತ್ತು ಮಕ್ಕಳಿಗೆ ಒಬ್ಬ ಮೇಷ್ಟರಿಗೋ ಪೋಷಕರಿಗೋ ಚೀಟಿ ಸೇರಿಸಿ. ಹೆಣ್ಣುಮಕ್ಕಳನ್ನು ಮರೆಯಬೇಡಿ; 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ತಾಯಿ-ಮಗಳ ಪ್ರಯಾಣಕ್ಕೆ ಕಾಸಿಲ್ಲ, ಆದರೆ ಮೈದಾನದಿಂದ ಅವರಿಗೆ ಕರೆಯೂ ಇಲ್ಲ. ವರ್ಷಕ್ಕೆ ಎರಡು ಪಂದ್ಯವನ್ನಾದರೂ ಭಾನುವಾರ ಸಂಜೆ ಐದಕ್ಕೆ ಇಡುವಂತೆ ಲೀಗಿನವರನ್ನು ಒತ್ತಾಯಿಸಿ. ತಾಲ್ಲೂಕಿಗೆ ಎರಡು ಬಸ್ಸು ಗೊತ್ತುಮಾಡಿ. ಇಷ್ಟರ ಮೇಲೆ, ವರ್ಷಕ್ಕೊಮ್ಮೆ ಆಟಗಾರರಿಬ್ಬರು ನಮ್ಮ ಬಯಲಿಗೆ ಬಂದು ಮಕ್ಕಳ ಜೊತೆ ಅರ್ಧ ಗಂಟೆ ಚೆಂಡು ಒದೆಯಲಿ. ಅದೇ ಅಕ್ಷತೆ.

ಹಣ ಎಲ್ಲಿಂದ ಎಂಬ ಪ್ರಶ್ನೆ ಬರಬೇಕಾದದ್ದೇ. ನಮ್ಮ ದೇಶದಲ್ಲಿ ಕಾಲ್ಚೆಂಡಿನ ಕ್ಲಬ್ಬು ನಡೆಸುವುದು ಲಾಭದ ವ್ಯಾಪಾರವಲ್ಲವೆಂಬುದನ್ನು ಬಲ್ಲೆ. ಜರ್ಮನಿಯ ಡ್ಯೂಸೆಲ್‌ಡಾರ್ಫ್ ಊರಿನ ಫೋರ್ಚುನಾ ಕ್ಲಬ್ಬು 2023-24ರಲ್ಲಿ ಕೆಲವು ಪಂದ್ಯಗಳಿಗೆ ಎಲ್ಲರನ್ನೂ ಪುಕ್ಕಟೆಯಾಗಿ ಬಿಟ್ಟಿತು. ವೆಚ್ಚವನ್ನು ಪ್ರಾಯೋಜಕ ಕಂಪನಿಗಳಿಂದ ತುಂಬಿಸಿಕೊಂಡಿತು. ಆ ಅಕ್ಟೋಬರಿನ ಮೊದಲ ಪುಕ್ಕಟೆ ಪಂದ್ಯದಲ್ಲಿ ಮೂರು ಗೋಲು ಹಿಂದಿದ್ದ ತಂಡ 4-3ರಿಂದ ಗೆದ್ದದ್ದು ಪುಕ್ಕಟೆ ಬಂದವರ ಕೂಗಿನಿಂದಲೇ ಎಂದು ನಾನು ಸಾಧಿಸಲಾರೆ. ಅವರು ನಿದ್ದೆಮಾಡುತ್ತಿರಲಿಲ್ಲವೆಂದಂತೂ ಹೇಳಬಲ್ಲೆ. ಅದೇ ವರ್ಷ ಪ್ಯಾರಿಸ್ ಎಫ್‌ಸಿ ಕೂಡ ತನ್ನ ಊರಿನ ಪಂದ್ಯಗಳ ಬಾಗಿಲನ್ನು ಪುಕ್ಕಟೆಯಾಗಿ ತೆರೆಯಿತು. ನಾನು ಅಷ್ಟೆಲ್ಲ ಕೇಳುತ್ತಿಲ್ಲ. ಖಾಲಿ ಕುರ್ಚಿಗೆ ಕ್ಲಬ್ಬಿಗೆ ಖರ್ಚಿಲ್ಲ; ಖರ್ಚಿರುವುದು ಬಸ್ಸಿಗೆ. ಹೊಸಕೋಟೆಯ ಕೈಗಾರಿಕಾ ಪ್ರದೇಶದಲ್ಲಿ, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಿ ಕಂಪನಿಗಳಿಗೇನು ಬರವೆ? ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ಕೊಡಬೇಕೆಂದು 2013ರ ಕಂಪನಿ ಕಾಯಿದೆ ದೊಡ್ಡ ಕಂಪನಿಗಳಿಗೆ ವಿಧಿಸಿದೆ. ಅಂಥ ಕಾರ್ಯಗಳ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆಗಳ ತರಬೇತಿಯ ಹೆಸರೂ ಇದೆ. ಕೇಳುವವರು ಹೋಗಿ ಕೇಳಬೇಕು, ಅಷ್ಟೆ.

ಬೆಂಗಳೂರಿನ ಹೆಸರನ್ನು ಎದೆಯ ಮೇಲೆ ಹೊತ್ತ ತಂಡ ಯಾರದು ಎಂಬುದು ಇಲ್ಲಿಯ ನಿಜವಾದ ಪ್ರಶ್ನೆ. ಒಂದು ಕಾಲಕ್ಕೆ ಓಣಿಯ ಬರಿಗಾಲಿನ ಹುಡುಗರದಾಗಿದ್ದ ಆಟ ಇಂದು ಮೊಬೈಲಿನಲ್ಲಿ ಚೀಟಿ ಕಾಯ್ದಿರಿಸಿ, ರಾತ್ರಿ ಹತ್ತಕ್ಕೆ ಕಾರು ಕರೆಸಿಕೊಳ್ಳಬಲ್ಲವರದಾಗಿ ಉಳಿಯುವುದಾದರೆ, ಅದು ಪೇಟೆಯ ಒಂದು ತುಂಡಿನ ತಂಡವೇ ಹೊರತು ಬೆಂಗಳೂರಿನದಲ್ಲ. ಗ್ರಾಮಾಂತರದ ಮಕ್ಕಳೇನೋ ಬರಲು ಸಿದ್ಧರಾಗಿದ್ದಾರೆ. ಮಹನೀಯರೇ, ಚೀಟಿಯನ್ನು ತೂರಬೇಡಿ. ಮನೆಬಾಗಿಲಿಗೆ ಬಂದು ಕರೆಯಿರಿ, ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿಸಿರಿ. ಹತ್ತು ವರ್ಷ ಕಳೆಯಲಿ, ಚೀಟಿಗೆ ಅವರೇ ಕಾಸು ಕೊಡುತ್ತಾರೆ.