ಬಾಂಡಿನ ಲೆಕ್ಕ ಯಾವ ದಿನದಿಂದ?

ಕಂಪನಿಯ ಖರ್ಚಿನಲ್ಲಿ ಎಂ.ಟೆಕ್. ಓದಲು ಹೊರಟ ಹುಡುಗ ಹುಡುಗಿಯರು ಸಲಹೆ ಕೇಳಲು ಬಂದರೆ ನಾನು ಫೀಸಿನ ವಿಚಾರ ಕೇಳುವುದಿಲ್ಲ, ಬಾಂಡ್ ಪತ್ರ ತೋರಿಸಿ ಎನ್ನುತ್ತೇನೆ. ಓದಿಸಿದ್ದಕ್ಕೆ ಪ್ರತಿಯಾಗಿ ಇಷ್ಟು ವರ್ಷ ಇಲ್ಲೇ ದುಡಿಯಬೇಕು ಎಂದು ಬರೆದಿರುತ್ತದಲ್ಲ, ಆ ವರ್ಷಗಳ ಲೆಕ್ಕ ಯಾವ ದಿನದಿಂದ ಶುರು ಎಂದು ಹುಡುಕುತ್ತೇನೆ. ನಾನು ನೋಡಿದ ಹೆಚ್ಚಿನ ಪತ್ರಗಳಲ್ಲಿ ಪದವಿ ಕೈಗೆ ಬಂದ ದಿನದಿಂದ ಎಂದಿದೆ. ಇದು ತಪ್ಪು. ಲೆಕ್ಕ ಕೋರ್ಸಿಗೆ ಸೇರಿದ ದಿನದಿಂದಲೇ ಶುರುವಾಗಬೇಕು.

ಅರಸೀಕೆರೆ ಕಡೆಯಿಂದ ಡಿಪ್ಲೊಮಾ ಮುಗಿಸಿಕೊಂಡು ಪೀಣ್ಯಕ್ಕೆ ಬಂದವಳು ನಾನು. ದುಡಿಯುತ್ತ ಓದುವುದು ಬೆಂಗಳೂರಿಗೆ ಹೊಸದಲ್ಲ. ಎಚ್‌ಎಂಟಿ, ಬಿಇಎಲ್, ಐಟಿಐ ಕಾರ್ಖಾನೆಗಳ ಡಿಪ್ಲೊಮಾದವರು ಶಿಫ್ಟ್ ಮುಗಿಸಿ ಬಸವನಗುಡಿಯ ಬಿಎಂಎಸ್ ಸಂಜೆ ಕಾಲೇಜಿನಂಥ ಕಡೆ ಬಿ.ಇ. ಮಾಡಿದ್ದಾರೆ. ನಾನೂ ಸಂಜೆ ಕಾಲೇಜಿನವಳೇ. ಆಮೇಲೆ ಎಂ.ಟೆಕ್.ಗೆ ಕಂಪನಿಯೇ ಫೀಸು ಕಟ್ಟಿತು. ಬಿಟ್ಸ್ ಪಿಲಾನಿ 1979ರಿಂದ ನಡೆಸುತ್ತಿರುವ, ಕೆಲಸ ಬಿಡದೆ ಓದುವ ಕೋರ್ಸ್ ಅದು. ವಾರಾಂತ್ಯದಲ್ಲಿ ಪಾಠ, ನಾಲ್ಕು ಸೆಮಿಸ್ಟರ್. ಕೊನೆಯ ಸೆಮಿಸ್ಟರಿನಲ್ಲಿ ನಾವು ಕೆಲಸ ಮಾಡುವ ಜಾಗದ್ದೇ ಒಂದು ಸಮಸ್ಯೆ ಹಿಡಿದು ಪ್ರಬಂಧ ಬರೆಯಬೇಕು. ಇದೇ ಸಂಸ್ಥೆಯ ಜೊತೆ ಸೇರಿ ವಿಪ್ರೊ 1995ರಲ್ಲಿ ಬಿ.ಎಸ್ಸಿ. ಮುಗಿಸಿದವರಿಗೆ ಕೆಲಸ ಕೊಟ್ಟು ಎಂ.ಎಸ್. ಓದಿಸುವ ಯೋಜನೆ ತಂದಾಗ, ಸಣ್ಣ ಊರುಗಳ ಎಷ್ಟೋ ಮಕ್ಕಳಿಗೆ ಬಾಗಿಲು ತೆರೆಯಿತು.

ನನ್ನ ಪ್ರಬಂಧದ ವಿಷಯ ಗ್ರೈಂಡಿಂಗ್ ಸೆಕ್ಷನ್ನಿನ ರಿಜೆಕ್ಷನ್. ನಮ್ಮಲ್ಲಿ ಅಳತೆ ಸರಿ ಇದೆ ಎಂದು ಪಾಸಾದ ಶಾಫ್ಟುಗಳು ಗಿರಾಕಿಯ ಕಡೆ ಅಳೆದಾಗ ಸಣ್ಣದಾಗಿ ವಾಪಸ್ ಬರುತ್ತಿದ್ದವು. ಬೈಗುಳ ಬೀಳುತ್ತಿದ್ದುದು ಮಧ್ಯಾಹ್ನದ ಶಿಫ್ಟಿನ ಆಪರೇಟರುಗಳ ಮೇಲೆ. ಅಂಕಿಅಂಶ ಶಾಸ್ತ್ರದ ಪಾಠದಲ್ಲಿ ಕಲಿತಂತೆ ಅಳತೆಗಳನ್ನು ಗಂಟೆ ಗಂಟೆಗೆ ಬೇರ್ಪಡಿಸಿ ನೋಡಿದಾಗ ಕಾರಣ ಸಿಕ್ಕಿತು. ಉದ್ದಳತೆಗೆ ಜಗತ್ತಿನೆಲ್ಲೆಡೆ ಒಪ್ಪಿಕೊಂಡಿರುವ ತಾಪಮಾನ 20 ಡಿಗ್ರಿ ಸೆಲ್ಸಿಯಸ್. 50 ಮಿ.ಮೀ. ವ್ಯಾಸದ ಉಕ್ಕಿನ ಶಾಫ್ಟ್ 10 ಡಿಗ್ರಿ ಬಿಸಿಯಾದರೆ ಸುಮಾರು 6 ಮೈಕ್ರಾನ್ ಹಿಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೆಷಿನ್ನೂ ಕೂಲೆಂಟೂ ಕಾದಿರುತ್ತಿದ್ದವು; ಬಿಸಿ ಶಾಫ್ಟನ್ನು ಅಲ್ಲೇ ಅಳೆದು ಪಾಸ್ ಮಾಡುತ್ತಿದ್ದರು, ಅದು ತಣ್ಣಗಾದ ಮೇಲೆ ಕುಗ್ಗುತ್ತಿತ್ತು. ಆಪರೇಟರುಗಳ ಕೈಯಲ್ಲಿ ದೋಷವೇ ಇರಲಿಲ್ಲ. ಸರ್ಫೇಸ್ ಪ್ಲೇಟ್ ಮೇಲೆ ಆರಲು ಬಿಟ್ಟು ಆಮೇಲೆ ಅಳೆಯುವ ಪದ್ಧತಿ ತಂದೆವು. ವಾಪಸ್ ಬರುವ ಮಾಲು ಕಡಿಮೆಯಾಯಿತು, ಆ ಆಪರೇಟರುಗಳು ತಲೆಯೆತ್ತಿ ಓಡಾಡಿದರು. ಅದು ನನಗೆ ಪದವಿಗಿಂತ ದೊಡ್ಡದು.

ಆಗ ನನ್ನ ಕೈಯಲ್ಲಿ ಪದವಿ ಇರಲಿಲ್ಲ. ಕಂಪನಿಗೆ ಮಾತ್ರ ನನ್ನ ಓದಿನ ಲಾಭ ಬಂದಾಗಿತ್ತು. ಹೀಗೆ ಓದುವವರೆಲ್ಲರ ಕತೆಯೂ ಇದೇ. ಶನಿವಾರ ಕಲಿತದ್ದು ಸೋಮವಾರ ಶಾಪ್ ಫ್ಲೋರಿನಲ್ಲಿ ಬಳಕೆಗೆ ಬರುತ್ತದೆ. ಹಾಗಿರುವಾಗ ಆ ಎರಡು ವರ್ಷದ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯದೆ, ಪದವಿ ಬಂದ ಮೇಲೆ ಸೊನ್ನೆಯಿಂದ ಎಣಿಸುವುದು ಯಾವ ನ್ಯಾಯ?

ಇದರ ಏಟು ಹೆಚ್ಚು ಬೀಳುವುದು ಹೆಂಗಸರಿಗೆ. ನನ್ನ ಜೊತೆಯವಳೊಬ್ಬಳು ಬಸುರಿಯಾಗಿ ಒಂದು ಸೆಮಿಸ್ಟರ್ ನಿಲ್ಲಿಸಿದಳು. ಪದವಿ ತಡವಾಯಿತು, ಬಾಂಡೂ ಅಷ್ಟೇ ಮುಂದಕ್ಕೆ ಹೋಯಿತು. ಗಂಡನಿಗೆ ಹುಬ್ಬಳ್ಳಿಗೆ ವರ್ಗವಾದಾಗ ಕೂಸನ್ನು ಕಟ್ಟಿಕೊಂಡು ಒಬ್ಬಳೇ ಇಲ್ಲಿ ಉಳಿದಳು. ಬಾಂಡ್ ಮುರಿದರೆ ಕಟ್ಟಬೇಕಾಗಿದ್ದ ಹಣ ಅವಳ ಹತ್ತಿರ ಇರಲಿಲ್ಲ.

ಬಾಂಡೇ ಬೇಡ ಎನ್ನುವವಳಲ್ಲ ನಾನು. ಹಣ ಹಾಕಿದವರಿಗೆ ಭರವಸೆ ಬೇಕು. ವಿಜಯ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ 14ರಂದು, ಮೂರು ವರ್ಷಕ್ಕೆ ಮುಂಚೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಅದು ಓದಿಸಿದ ಪ್ರಕರಣವಲ್ಲ, ನೇಮಕಾತಿಯದು. ಆದರೂ ಬಾಂಡಿಗೆ ಬೆಲೆಯೇ ಇಲ್ಲ ಎಂದು ಧೈರ್ಯ ತುಂಬುವ ಗೆಳೆಯರ ಮಾತು ನಂಬಿ ಸಹಿ ಹಾಕಬೇಡಿ. ಹಾಗೆಯೇ, 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪತ್ರದಲ್ಲಿ ಬರೆದ ಮೊತ್ತವೇ ಕೊನೆಯಲ್ಲ. ಅದರ ಮಿತಿಯೊಳಗೆ ನ್ಯಾಯವೆನಿಸುವ ಪರಿಹಾರವಷ್ಟೇ ಸಿಗಬೇಕು. ಅರ್ಧ ಅವಧಿ ದುಡಿದವರಿಂದ ಪೂರ್ತಿ ಹಣ ಕೇಳುವ ಷರತ್ತು ಈ ತತ್ವಕ್ಕೆ ಹೊಂದುವುದಿಲ್ಲ. ತಿಂಗಳು ತಿಂಗಳಿಗೆ ಮೊತ್ತ ಇಳಿಯುತ್ತ ಹೋಗಬೇಕು.

ಇನ್ನು ಸಮಯ. ಪೀಣ್ಯದ ಎಷ್ಟೋ ಕಾರ್ಖಾನೆಗಳಿಗೆ ಶನಿವಾರವೂ ಕೆಲಸದ ದಿನ. ಫೀಸು ಕಟ್ಟಿ, ಶನಿವಾರ ಶಿಫ್ಟಿಗೆ ಹಾಕಿದರೆ ಓದಿಸಿದಂತಾಗುವುದಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳಿಗಾಗಿ ಕೇಂದ್ರ ಸರ್ಕಾರ 1970ರಲ್ಲೇ ತಂದ ಗುಣಮಟ್ಟ ಸುಧಾರಣಾ ಕಾರ್ಯಕ್ರಮ, ಕ್ಯೂಐಪಿ, ಅವರನ್ನು ಪಾಠದಿಂದ ಬಿಡಿಸಿ, ಸಂಬಳ ನಿಲ್ಲಿಸದೆ ಐಐಎಸ್‌ಸಿ, ಐಐಟಿಗಳಿಗೆ ಓದಲು ಕಳಿಸಿತು. ಖಾಸಗಿ ಕಾರ್ಖಾನೆಯಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ. ಪಾಠದ ದಿನ ಶಿಫ್ಟ್ ಬೇಡ, ಪರೀಕ್ಷೆಗೆ ಸಂಬಳಸಹಿತ ರಜೆ ಕೊಡಿ, ಇಷ್ಟೇ.

ಎಚ್.ಆರ್. ವಿಭಾಗದವರಲ್ಲಿ ನನ್ನ ವಿನಂತಿ: ಮುಂದಿನ ಬ್ಯಾಚಿನ ಪತ್ರದಲ್ಲಿ ಆ ಒಂದು ತಾರೀಖು ಬದಲಿಸಿ, ಹೆರಿಗೆ ರಜೆಯ ಕಾಲ ಬಾಂಡನ್ನು ಉದ್ದ ಮಾಡುವುದಿಲ್ಲ ಎಂದೂ ಬರೆಯಿರಿ. ಓದಲು ಹೊರಟವರೇ, ಸಹಿ ಹಾಕುವ ಮೊದಲು ಇದನ್ನು ಬರವಣಿಗೆಯಲ್ಲೇ ಕೇಳಿ.