ಬಳ್ಳಾರಿ ಜೀನ್ಸು, ಬೆಂಗಳೂರು ಹಾಡು

ಕರೂರಿನ ಕಟ್ಟೆ ಮೇಲೆ ಕೂತು ಕನ್ನಡ ರ‍್ಯಾಪ್ ವಿಡಿಯೊ ತೆಗೆದರೆ ಬಹುಪಾಲು ಅದೇ: ಕಾರು, ಪಬ್ಬು, ಹರಿದ ಜೀನ್ಸು. ಇಷ್ಟೇ ಬೆಂಗಳೂರಂತೆ, ಇವರೇ ಯುವಕರಂತೆ! ಜೀನ್ಸ್ ಹೊಲಿಯುವ ನಮ್ಮ ಬಳ್ಳಾರಿಯಲ್ಲಿ ಪೀಸಿಗಿಷ್ಟು ಅಂತ ಕೂಲಿ. ಅಲ್ಲೂ ಇಪ್ಪತ್ತರ ಹುಡುಗ ಹುಡುಗಿಯರಿದ್ದಾರೆ, ವಿಡಿಯೊದಲ್ಲಿಲ್ಲ. ಬೆಂಗಳೂರಲ್ಲಿ ಒಂದೇ ರೂಮಿಗೆ ನಾಲ್ವರು ಸೇರಿ ಮಲಗಿ, ಬೈಕಲ್ಲಿ ಊಟ ಹಂಚೋ ನಮ್ಮ ಕಡೆ ಹುಡುಗ ನಗರದ ಯುವಕ ಅಲ್ವಾ?

ಹಳ್ಳಿ ಬೇಕಾದಾಗ ಏನಾಯ್ತು ನೋಡಿ. 2020ರಲ್ಲಿ ಚಂದನ್ ಶೆಟ್ಟಿ, ಮಾದಪ್ಪನ ಭಕ್ತರ ‘ಕೋಲುಮಂಡೆ’ ಜನಪದವನ್ನು ರ‍್ಯಾಪ್ ಮಾಡಿ, ಸಂಕಮ್ಮನನ್ನು ಗ್ಲಾಮರ್ ಬೊಂಬೆಯಾಗಿಸಿದರು. ಭಕ್ತರು ಸಿಡಿದೆದ್ದರು. ಅವರು ಕ್ಷಮೆ ಕೇಳಿದರು, ವಿಡಿಯೊ ಯೂಟ್ಯೂಬಿನಿಂದ ಇಳಿಯಿತು. ದೇವರ ವಿಷಯಕ್ಕೆ ಸಿಟ್ಟು ಬಂತು, ಸರಿ. ಹೊಲಿಗೆ ಮಷೀನಿನ ಮುಂದೆ ಕೂತವಳನ್ನು ಚಿತ್ರದಿಂದಲೇ ಅಳಿಸಿದ್ದಕ್ಕೆ ಯಾರೂ ಕ್ಷಮೆ ಕೇಳಿಲ್ಲ; ಕೇಳಿ ಅಂತ ನಾವೂ ಹಟ ಹಿಡಿದಿಲ್ಲ.