ಡೈನೋಗೆ ಕೊಡುವ ದುಡ್ಡು ದಂಡವೇ?

ರಜೆಯ ದಿನ ಬೈಕ್ ಏರುವ ನಮ್ಮಲ್ಲಿ ಇದು ಮುಗಿಯದ ವಾದ: ಎಂಜಿನ್‌ಗೆ ಹೊಸ ಭಾಗ ಹಾಕಿಸಿದ ಮೇಲೆ, ಬೈಕನ್ನು ರೋಲರ್ ಮೇಲೆ ಓಡಿಸಿ ಮಾಡುವ ಡೈನೋ ಟ್ಯೂನಿಂಗ್ ಬೇಕೇ?

ಬರೀ ಸೈಲೆನ್ಸರ್ ಬದಲಿಸಿದ್ದರೆ ಸಾಮಾನ್ಯವಾಗಿ ಬೇಡ ಎನ್ನುತ್ತೇವೆ; ಆ ದುಡ್ಡು ಊರಿಗೆ ಹೋಗಲಿ. ಆದರೆ ಏರ್ ಫಿಲ್ಟರ್, ಪೂರ್ತಿ ಎಕ್ಸಾಸ್ಟ್, ಕ್ಯಾಮ್ ಎಲ್ಲ ಬದಲಾದರೆ ಗಾಳಿ ಹೆಚ್ಚು ಒಳಬರುತ್ತದೆ. ಫುಲ್ ಥ್ರಾಟಲ್‌ನಲ್ಲಿ ಬಹುತೇಕ ಬೈಕ್‌ಗಳ ಇಸಿಯು ಮಾತ್ರ ಕಂಪನಿಯ ಹಳೇ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಟ್ಟು ಗಾಳಿ ಬೇಕು. ಜೋರಾಗಿ ಎಳೆಯುವಾಗ ಅದು ಸುಮಾರು 13ಕ್ಕೆ ಇಳಿಯಬೇಕು, ಅಂದರೆ ಪೆಟ್ರೋಲ್ ಜಾಸ್ತಿ. ಇದು ತಪ್ಪಿದರೆ ಇಲ್ಲಿನ ಜುಲೈನ 45 ಡಿಗ್ರಿಯಲ್ಲಿ ನಾಕಿಂಗ್ ಶುರು, ಪಿಸ್ಟನ್ನೇ ಹೋಗಬಹುದು.

ಕುದುರೆಶಕ್ತಿಯ ಗೆರೆ ತೋರಿಸಿ ಬೀಗುವವರೇ ಹೆಚ್ಚು. ಅದೇ ಕಾಗದದಲ್ಲಿ ಗಾಳಿ-ಪೆಟ್ರೋಲ್ ಪ್ರಮಾಣದ ಗೆರೆಯನ್ನೂ ಗ್ಯಾರೇಜಿನವರಿಂದ ಕೇಳಿ ಪಡೆಯಿರಿ.